ಮಾಳಿಗೆ ಮೇಲಿನ ಆಂಟೆನಾ ಯಾರ ಮಾತು ಕೇಳ್ತಿತ್ತು? ದಾವಣಗೆರೆ–ಹರಿಹರದ ಟಿವಿ ಕಥೆ

ಇವತ್ತಿನ ಸಂಚಿಕೆಗೆ ಕಾರಣ ಒಬ್ಬ ಕೇಳುಗರ ಪ್ರಶ್ನೆ. ದಾವಣಗೆರೆಯವರು. ಹಳೇ ವ್ಯಾನ್ ಒಂದನ್ನ ಒಳಗೆ ಮಂಚ, ಒಲೆ ಎಲ್ಲ ಹಾಕಿಸಿ ಓಡಾಡೋ ಮನೆ ಮಾಡ್ತಿದ್ದಾರಂತೆ. ಅದರಲ್ಲಿ ಊರೂರು ಸುತ್ತೋ ಆಸೆ. ಅವರು ಕೇಳಿದ್ದು ಇಷ್ಟೇ: "ಅಮೆರಿಕದವರ ವಿಡಿಯೊಗಳಲ್ಲಿ ಇಂಥ ಗಾಡಿ ಮೇಲೆಲ್ಲ ಟಿವಿ ಆಂಟೆನಾ ಇರುತ್ತೆ. ನಾನು ಯಾವುದು ಹಾಕಿಸ್ಲಿ?"

ಒಂದೇ ಸಾಲಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಆ ಉತ್ತರ ಯಾಕೆ ಹಾಗಿದೆ ಅಂತ ಅರ್ಥ ಆಗ್ಬೇಕಾದ್ರೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು. ಯಾಕಂದ್ರೆ ಆಂಟೆನಾ ಅನ್ನೋದು ಅಂಗಡಿಯಲ್ಲಿ ಆರಿಸೋ ವಸ್ತು ನಿಜ, ಆದರೆ ಅದು ಏನನ್ನ ಹಿಡಿಯುತ್ತೆ ಅನ್ನೋದು ಅಂಗಡಿಯಲ್ಲಿ ತೀರ್ಮಾನ ಆಗಲ್ಲ.

ಮೊದಲು ಒಂದು ಪ್ರಶ್ನೆ ನಿಮಗೆ. ಕರ್ನಾಟಕದಲ್ಲಿ ಟಿವಿ ಮೊದಲು ಬಂದಿದ್ದು ಎಲ್ಲಿ? ಬೆಂಗಳೂರು ಅಂದ್ರಾ? ಅಲ್ಲ. ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ. 1975ರ ಆಗಸ್ಟ್ 1ರಂದು ಸೈಟ್ ಅನ್ನೋ ಪ್ರಯೋಗ ಶುರುವಾಯ್ತು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನ ಒಂದು ವರ್ಷಕ್ಕೆ ನಮ್ಮ ಇಸ್ರೋಗೆ ಬಳಸೋಕೆ ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಟಿವಿ ಇಟ್ಟರು. ಪ್ರತಿ ಟಿವಿಗೂ ಹತ್ತಡಿ ಅಗಲದ ಒಂದು ಡಿಷ್. ಅದನ್ನ ಮಾಡಿದ್ದು ಕೋಳಿ ಗೂಡಿಗೆ ಹಾಕ್ತೀವಲ್ಲ, ಆ ಥರದ ತಂತಿ ಬಲೆಯಿಂದ. ಅಗ್ಗ, ಹಗುರ, ಗಾಳಿ ಬಂದ್ರೆ ತೂರಿಕೊಂಡು ಹೋಗುತ್ತೆ.

ಇಲ್ಲಿ ಇನ್ನೊಂದು ವಿಷಯ ಗಮನಿಸಿ. ಆ ಪ್ರಯೋಗದಲ್ಲಿ ಚಿತ್ರ ಒಂದೇ, ಧ್ವನಿ ಮಾತ್ರ ಎರಡು. ಆಂಧ್ರದ ಹಳ್ಳಿಗಳಿಗೆ ತೆಲುಗು, ನಮ್ಮ ಹಳ್ಳಿಗಳಿಗೆ ಕನ್ನಡ. ಅಂದ್ರೆ 1975ರಲ್ಲಿ, ಕರೆಂಟೇ ಸರಿಯಾಗಿಲ್ಲದ ಊರುಗಳಲ್ಲಿ, ಆಕಾಶದಿಂದ ನೇರವಾಗಿ ಕನ್ನಡ ಮಾತು ಬರ್ತಿತ್ತು. ಎಲ್ಲ ಭಾಷೆಗಳ ಪ್ರಸಾರ ಸೇರಿ ದಿನಕ್ಕೆ ಒಟ್ಟು ನಾಲ್ಕು ಗಂಟೆ, ಕನ್ನಡ ಅದರಲ್ಲಿ ಒಂದು ಭಾಗ.

1976ರ ಜುಲೈ 31ಕ್ಕೆ ಪ್ರಯೋಗ ಮುಗೀತು. ಉಪಗ್ರಹ ವಾಪಸ್ ಹೋಯ್ತು. ಆ ತಂತಿ ಬಲೆಯ ಡಿಷ್‌ಗಳಿಗೆ ಹಿಡಿಯೋಕೆ ಏನೂ ಉಳಿಲಿಲ್ಲ. ಮರುವರ್ಷ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಶುರುವಾಗಿ ಸುತ್ತಲಿನ ಕೆಲವು ಹಳ್ಳಿಗಳಿಗೆ ಮತ್ತೆ ಟಿವಿ ಬಂತು. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರ ನವೆಂಬರ್ 1ರಂದು.

ಹಾಗಾದ್ರೆ ದಾವಣಗೆರೆ? ಹರಿಹರ? ಬೆಂಗಳೂರಿಂದ ಸುಮಾರು 260 ಕಿಲೋಮೀಟರ್ ದೂರ. ಟಿವಿ ಅಲೆ ಹೆಚ್ಚುಕಡಿಮೆ ನೆಟ್ಟಗೆ ಹೋಗುತ್ತೆ, ಭೂಮಿ ಗುಂಡಗಿದೆ, ನಡುವೆ ಗುಡ್ಡಗಳಿವೆ. ಎಷ್ಟೇ ಎತ್ತರದ ಕಂಬ ನೆಟ್ಟರೂ ಬೆಂಗಳೂರಿನ ಚಿತ್ರ ಇಲ್ಲಿ ನಂಬಿಕೆಯಿಂದ ಸಿಗೋ ಮಾತೇ ಇರಲಿಲ್ಲ.

ಬದಲಾವಣೆ ಬಂದಿದ್ದು ದೆಹಲಿಯಿಂದ. 1982ರಲ್ಲಿ ಏಷ್ಯನ್ ಗೇಮ್ಸ್, ಅದರ ಜತೆಗೆ ಬಣ್ಣದ ಟಿವಿ. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ. ಆಮೇಲೆ ಸರ್ಕಾರ ಊರೂರಿಗೆ ಸಣ್ಣ ಟ್ರಾನ್ಸ್‌ಮಿಟರ್ ಹಾಕೋಕೆ ಶುರುಮಾಡ್ತು. 1984ರಲ್ಲಂತೂ ಕೆಲವು ತಿಂಗಳು ದೇಶದಲ್ಲಿ ಸರಾಸರಿ ದಿನಕ್ಕೊಂದು ಟ್ರಾನ್ಸ್‌ಮಿಟರ್ ಎದ್ದಿತು. ಇವುಗಳ ಹೆಸರು ಎಲ್‌ಪಿಟಿ. ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರ್ ಅಂತ. ಶಕ್ತಿ ಎಷ್ಟು ಗೊತ್ತಾ? 100 ವ್ಯಾಟ್. ಹಳೇ ಕಾಲದ ಒಂದು ದೊಡ್ಡ ಬಲ್ಬ್ ತಿನ್ನೋವಷ್ಟು! ಅದರ ಚಿತ್ರ ಚೆನ್ನಾಗಿ ಸಿಗ್ತಿದ್ದಿದ್ದು ಸುತ್ತ ಸುಮಾರು 15 ಕಿಲೋಮೀಟರ್.

ಇಂಥದ್ದೊಂದು ಎಲ್‌ಪಿಟಿ ದಾವಣಗೆರೆಗೂ ಬಂತು. ಈಗ ಲೆಕ್ಕ ಹಾಕಿ. ದಾವಣಗೆರೆಯಿಂದ ಹರಿಹರ ಸುಮಾರು 14 ಕಿಲೋಮೀಟರ್. ಅಂದ್ರೆ ಹರಿಹರ ಇದ್ದಿದ್ದು ಸರಿಯಾಗಿ ಆ ವೃತ್ತದ ಅಂಚಿನಲ್ಲಿ. ಎರಡು ಊರಿನ ನಡುವೆ ಸಿಟಿ ಬಸ್ಸಲ್ಲಿ ಹೋಗೋ ದೂರ, ಆದರೆ ಆಂಟೆನಾ ಆರಿಸೋ ಲೆಕ್ಕವೇ ಬೇರೆ. ಟ್ರಾನ್ಸ್‌ಮಿಟರ್ ಹತ್ತಿರದವರಿಗೆ ಟಿವಿ ಮೇಲೆ ಎರಡು ಕಡ್ಡಿ ನಿಲ್ಲಿಸಿದ್ರೆ ಸಾಕು. ಅಂಚಿನವರಿಗೆ ಮಾಳಿಗೆ ಮೇಲೆ ಕಬ್ಬಿಣದ ಪೈಪು, ಅದರ ತುದಿಗೆ ಮೀನಿನ ಮುಳ್ಳಿನ ಥರದ ದೊಡ್ಡ ಆಂಟೆನಾ, ಕೆಲವರಿಗೆ ಅದರ ಜತೆ ಬೂಸ್ಟರ್ರೂ ಬೇಕು.

ಆ ಮೀನಿನ ಮುಳ್ಳಿನ ಬಗ್ಗೆ ಸ್ವಲ್ಪ ಹೇಳ್ತೀನಿ. ಅದರ ಹೆಸರು ಯಾಗಿ-ಉಡಾ ಆಂಟೆನಾ. 1926ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿಂತಾರೊ ಉಡಾ ಮತ್ತು ಹಿದೆತ್ಸುಗು ಯಾಗಿ ರೂಪಿಸಿದ್ದು. ಅದರಲ್ಲಿ ವೈರ್ ಕಟ್ಟಿರೋ ಕೊಳವೆ ಒಂದೇ. ಹಿಂದಿನ ಉದ್ದ ಕೊಳವೆ ಕನ್ನಡಿ ಥರ ಅಲೆಯನ್ನ ವಾಪಸ್ ತಳ್ಳುತ್ತೆ. ಮುಂದಿನ ಚಿಕ್ಕ ಕೊಳವೆಗಳು ಅಲೆಯನ್ನ ಕೈಹಿಡಿದು ಕರ್ಕೊಂಡು ಬರ್ತವೆ. ಮುಳ್ಳು ಜಾಸ್ತಿ ಇದ್ದಷ್ಟೂ ದೂರದ್ದು ಸಿಗುತ್ತೆ. ಆದರೆ ಅಷ್ಟೇ ಹಟಮಾರಿ ಆಗುತ್ತೆ, ಮುಖ ಮಾಡಿದ ಕಡೆ ಬಿಟ್ಟು ಬೇರೆ ಕಡೆಯದ್ದನ್ನ ಕೇಳಿಸ್ಕೊಳ್ಳಲ್ಲ.

ಕೊಳವೆಯ ಉದ್ದವೂ ಸುಮ್ನೆ ಅಲ್ಲ. ಅದು ಅಲೆಯ ಅರ್ಧದಷ್ಟು ಇರಬೇಕು. ಚಾನೆಲ್ 4ರಲ್ಲಿ ಪ್ರಸಾರ ಆಗೋ ಊರಲ್ಲಿ ಒಂದೊಂದು ಕೊಳವೆ ಸುಮಾರು ಎಂಟಡಿ. ಚಾನೆಲ್ 5 ಆದ್ರೆ ಮೂರಡಿಗಿಂತ ಕಡಿಮೆ. ಒಂದೇ ನಂಬರ್ ವ್ಯತ್ಯಾಸ, ಆದರೆ ಆಂಟೆನಾ ಗಾತ್ರ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಯಾಕಂದ್ರೆ ಆ ಎರಡು ಚಾನೆಲ್ ನಡುವೆ ಅಲೆಗಳ ಪಟ್ಟಿಯೇ ಬದಲಾಗುತ್ತೆ. ಬೇರೆ ಊರಲ್ಲಿ ಕೊಂಡ ಆಂಟೆನಾ ನಮ್ಮೂರಲ್ಲಿ ಕೆಲಸ ಮಾಡದೇ ಇರೋಕೆ ಇದೂ ಒಂದು ಕಾರಣ.

ಬೂಸ್ಟರ್ ವಿಷಯ. ಅದು ಸಿಗ್ನಲ್ ಹೆಚ್ಚಿಸುತ್ತೆ ನಿಜ, ಜತೆಗೆ ಬಂದ ಗದ್ದಲವನ್ನೂ ಹೆಚ್ಚಿಸುತ್ತೆ. ಅದಕ್ಕೇ ಅದನ್ನ ಟಿವಿ ಪಕ್ಕ ಇಡೋದಕ್ಕಿಂತ ಮೇಲೆ ಆಂಟೆನಾ ಹತ್ತಿರವೇ ಕಟ್ಟಬೇಕು. ಏನೂ ಬರದ ಕಡೆ ಬೂಸ್ಟರ್ ಹಾಕಿದ್ರೆ ದೊಡ್ಡದಾಗೋದು ಬರೀ ಚುಕ್ಕಿಗಳೇ.

ನಮ್ಮ ಮನೆಯಲ್ಲಿ ಈ ಕಥೆ ಅಮ್ಮನ ಬಾಯಲ್ಲೇ ಕೇಳಬೇಕು. ಹರಿಹರದ ತವರುಮನೆ. ಭಾನುವಾರ ಬೆಳಿಗ್ಗೆ ರಾಮಾಯಣ, ಅಂದ್ರೆ 1987ರ ಮಾತು. ಮಾವ ಮಾಳಿಗೆ ಮೇಲೆ, ಅಮ್ಮ ಕಿಟಕಿ ಹತ್ತಿರ, ಅಜ್ಜ ಟಿವಿ ಮುಂದೆ.

"ಬಂತೇನ?"

"ಇಲ್ಲಣ್ಣ, ಇನ್ನೊಂಚೂರು ಎಡಕ್ಕೆ!"

"ಈಗ?"

"ಬಂತ್ ಬಂತ್, ಹಂಗೇ ಬಿಡು! ಅಯ್ಯೋ, ಮತ್ ಹೋತು."

ಕೈ ಬಿಟ್ಟ ಕೂಡಲೇ ಚಿತ್ರ ಹೋಗೋದಂತೆ. ಮೈಯೂ ಅಲೆ ಹಿಡಿಯುತ್ತೆ, ಅಲೆ ತಡೆಯುತ್ತೆ, ಹಾಗಾಗಿ ಅದರಲ್ಲಿ ಮಾಯ ಏನಿಲ್ಲ. ಇನ್ನೊಂದು ತೊಂದರೆ ನೆರಳು. ಅಲೆ ನೆಟ್ಟಗೂ ಬಂತು, ಯಾವುದೋ ಕಟ್ಟಡಕ್ಕೋ ನೀರಿನ ಟ್ಯಾಂಕಿಗೋ ಬಡಿದು ಸ್ವಲ್ಪ ತಡವಾಗಿಯೂ ಬಂತು ಅಂದ್ರೆ ತೆರೆ ಮೇಲೆ ಒಬ್ಬ ರಾಮನ ಪಕ್ಕ ಇನ್ನೊಬ್ಬ ರಾಮ. ಅಜ್ಜ ನಗ್ತಿದ್ರಂತೆ: "ನಮ್ಮ ದೇವಸ್ಥಾನದಾಗ ಇಬ್ಬರು ದೇವರು ಸೇರಿ ಒಂದು ಮೂರ್ತಿ, ಈ ಡಬ್ಬಿಯಾಗ ಒಬ್ಬ ದೇವರು ಎರಡಾಗ್ಯಾನ." ಹರಿಹರೇಶ್ವರನ ಊರಲ್ಲಿ ಈ ಮಾತು ಬರದೇ ಇರುತ್ತಾ!

ಇಷ್ಟೆಲ್ಲ ಕಷ್ಟಪಟ್ಟು ಹಿಡಿದಿದ್ದು ಏನು? ಇವತ್ತಿನ ಸಂಚಿಕೆಯಲ್ಲಿ ನಾನು ಮುಖ್ಯವಾಗಿ ಹೇಳಬೇಕು ಅಂದ್ಕೊಂಡಿದ್ದು ಇಲ್ಲಿದೆ. ಈ ಎಲ್‌ಪಿಟಿಗಳು ತಾವಾಗಿ ಏನನ್ನೂ ತಯಾರಿಸ್ತಿರಲಿಲ್ಲ. ಒಂದು ಡಿಷ್‌ನಿಂದ ಉಪಗ್ರಹದ ಸಿಗ್ನಲ್ ಇಳಿಸ್ಕೊಳ್ಳೋದು, ಅದನ್ನೇ ಊರಿಗೆ ಹಂಚೋದು. ಮೊದಮೊದಲು ಅದರಲ್ಲಿ ಬರ್ತಿದ್ದಿದ್ದು ದೆಹಲಿ ಕಾರ್ಯಕ್ರಮ. ಬೆಂಗಳೂರು ಕೇಂದ್ರದಲ್ಲಿ ಕನ್ನಡ ಕಾರ್ಯಕ್ರಮ ತಯಾರಾಗ್ತಿತ್ತು, ಆದರೆ ಅದು ಬೆಂಗಳೂರಿನ ಸುತ್ತಮುತ್ತಲಿನವರಿಗೆ. ನಡು ಕರ್ನಾಟಕದ ದಾವಣಗೆರೆಯ ಮಾಳಿಗೆ ಮೇಲಿನ ಆಂಟೆನಾ ಕೇಳ್ತಿದ್ದಿದ್ದು ಹಿಂದಿ.

1986ರ ಮಾಲ್ಗುಡಿ ಡೇಸ್ ನೆನಪಿಸ್ಕೊಳ್ಳಿ. ಕಥೆ ಮೈಸೂರಿನ ಆರ್.ಕೆ. ನಾರಾಯಣ್ ಅವರದ್ದು. ನಿರ್ದೇಶನ ಶಂಕರ್‌ನಾಗ್. ಚಿತ್ರೀಕರಣ ಬಹುಪಾಲು ಆಗುಂಬೆಯಲ್ಲಿ, ಅಂದ್ರೆ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ. ಆದರೆ ಅದು ದೆಹಲಿಗೆ ಹೋಗಿ, ಉಪಗ್ರಹ ಹತ್ತಿ, ಮತ್ತೆ ನಮ್ಮ ಮನೆಗೆ ಇಳಿಯೋ ಹೊತ್ತಿಗೆ ಆಗುಂಬೆಯ ಬೀದಿಯಲ್ಲಿ ಎಲ್ಲರೂ ಹಿಂದಿ ಮಾತಾಡ್ತಿದ್ರು.

1975ರಲ್ಲಿ ರಾಯಚೂರಿನ ಹಳ್ಳಿಗೆ ಕನ್ನಡ ಸಿಕ್ಕಿತ್ತು. ಹತ್ತು ವರ್ಷದ ನಂತರ ದಾವಣಗೆರೆಯಂಥ ಪಟ್ಟಣಕ್ಕೆ ಸಿಗಲಿಲ್ಲ. ತಂತ್ರಜ್ಞಾನ ಹಿಂದಕ್ಕೆ ಹೋಗಿರಲಿಲ್ಲ. ಬದಲಾಗಿದ್ದು ತೀರ್ಮಾನ. ಎಷ್ಟು ದುಬಾರಿ ಆಂಟೆನಾ ತಂದ್ರೂ ಗಾಳಿಯಲ್ಲಿ ಇಲ್ಲದ ಮಾತನ್ನ ಅದು ಹಿಡಿಯಲ್ಲ.

ಕನ್ನಡ ದೊಡ್ಡ ಪ್ರಮಾಣದಲ್ಲಿ ಮನೆಗೆ ಬಂದಿದ್ದು 1990ರ ದಶಕದಲ್ಲಿ. ಬೀದಿಬೀದಿಗೆ ಕೇಬಲ್ ಬಂತು. 1994ರಲ್ಲಿ ಉದಯ ಟಿವಿ ಶುರುವಾಯ್ತು. ದೂರದರ್ಶನವೂ ಉಪಗ್ರಹದಲ್ಲಿ ಡಿಡಿ-9 ಕೊಟ್ಟಿತು, ಅದೇ ಮುಂದೆ ಚಂದನ. ಮಾಳಿಗೆ ಮೇಲಿನ ಮೀನಿನ ಮುಳ್ಳು ನಿಧಾನಕ್ಕೆ ಕಾಗೆ ಕೂರೋ ಕೊಂಬೆ ಆಯ್ತು.

ಈಗ ಗಾಡಿ ವಿಷಯಕ್ಕೆ ಬರೋಣ. ದಾವಣಗೆರೆ, ಹರಿಹರ ಎರಡೂ ಬೆಂಗಳೂರು–ಪುಣೆ ಹೆದ್ದಾರಿಯ ಊರುಗಳು. ಆ ಕಾಲದ ವಿಡಿಯೊ ಕೋಚ್ ಬಸ್ಸುಗಳ ಬಗ್ಗೆ ನಿಮ್ಮ ಅಪ್ಪ-ಅಮ್ಮನ್ನ ಕೇಳಿ. ಡ್ರೈವರ್ ಹಿಂದೆ ಟಿವಿ, ಅದಕ್ಕೊಂದು ವಿಸಿಆರ್, ರಾತ್ರಿಯೆಲ್ಲ ಸಿನಿಮಾ. ಯಾಕೆ ಕ್ಯಾಸೆಟ್? ಬಸ್ಸಿನ ಮೇಲೊಂದು ಆಂಟೆನಾ ಹಾಕಬಹುದಿತ್ತಲ್ಲ?

ಆಗ್ತಿರಲಿಲ್ಲ. ಎಲ್‌ಪಿಟಿಯ ವೃತ್ತದ ಅಗಲ ಸುಮಾರು 30 ಕಿಲೋಮೀಟರ್. ಗಂಟೆಗೆ 60ರ ವೇಗದಲ್ಲಿ ಹೋಗೋ ಬಸ್ಸು ಅರ್ಧ ಗಂಟೆಯಲ್ಲಿ ಅದನ್ನ ದಾಟಿಬಿಡುತ್ತೆ. ಪ್ರತಿ ತಿರುವಿಗೂ ಆಂಟೆನಾ ಮುಖ ತಿರುಗಿಸಬೇಕು. ಎಲ್ಲ ದಿಕ್ಕಿಗೂ ಕೇಳಿಸ್ಕೊಳ್ಳೋ ದುಂಡನೆಯ ಆಂಟೆನಾ ಹಾಕಿದ್ರೆ ತಿರುಗಿಸೋದು ತಪ್ಪುತ್ತೆ, ಆದರೆ ಅದು ದೂರದ್ದನ್ನ ಹಿಡಿಯಲ್ಲ, ನೆರಳನ್ನೆಲ್ಲ ಹಿಡಿಯುತ್ತೆ. ಅಮೆರಿಕದಲ್ಲಿ ವ್ಯಾನಿನವರು ಇವತ್ತಿಗೂ ತೂಗೋದು ಇದನ್ನೇ: ದೂರ ಬೇಕೋ, ಎಲ್ಲ ದಿಕ್ಕು ಬೇಕೋ. ಅಲ್ಲಿ ಅದಕ್ಕೆ ಅರ್ಥ ಇದೆ. ಅಲ್ಲಿನ ಊರೂರಿನ ಟಿವಿ ಕೇಂದ್ರಗಳು ಇನ್ನೂ ಗಾಳಿಯಲ್ಲಿ ಪುಕ್ಕಟೆ ಪ್ರಸಾರ ಮಾಡ್ತವೆ.

ನಮ್ಮಲ್ಲಿ? ಪ್ರಸಾರ ಭಾರತಿ ತನ್ನ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನ ಹಂತಹಂತವಾಗಿ ಮುಚ್ಚಿತು. 2022ರ ಮಾರ್ಚ್ ಗಡುವಿಗೆ ದೇಶದಲ್ಲಿ ಉಳಿಸಿಕೊಂಡಿದ್ದು ಆಯಕಟ್ಟಿನ ಜಾಗಗಳ ಸುಮಾರು 50 ಮಾತ್ರ. ಹೊಸ ಡಿಜಿಟಲ್ ಟ್ರಾನ್ಸ್‌ಮಿಟರ್‌ಗಳು 2016ರಲ್ಲಿ 16 ನಗರಗಳಿಗೆ ಬಂದವು, ಓಡೋ ಗಾಡಿಯಲ್ಲೂ ನೋಡಬಹುದು ಅಂತ ಪ್ರಚಾರವೂ ಆಯ್ತು. ಆ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದಿದ್ದು ಬೆಂಗಳೂರು ಒಂದೇ.

ಹಾಗಾಗಿ ಕೇಳುಗರ ಪ್ರಶ್ನೆಗೆ ಉತ್ತರ: ಆ ವಿಡಿಯೊದಲ್ಲಿ ತೋರಿಸೋ ಆಂಟೆನಾ ತರಬೇಡಿ. ದಾವಣಗೆರೆಯ ಗಾಳಿಯಲ್ಲಿ ಅದು ಹಿಡಿಯೋ ಚಾನೆಲ್ ಇಲ್ಲ. ಗಾಡಿ ನಿಂತಾಗ ಟಿವಿ ಬೇಕು ಅಂದ್ರೆ ಎರಡಡಿಯ ಸಣ್ಣ ಡಿಷ್, ಒಂದು ಡಿಡಿ ಫ್ರೀ ಡಿಷ್ ಬಾಕ್ಸ್. 2004ರಲ್ಲಿ ಶುರುವಾದ ಸೇವೆ, ತಿಂಗಳ ಬಾಡಿಗೆ ಇಲ್ಲ, ಚಂದನವೂ ಬರುತ್ತೆ. ಅದರ ಉಪಗ್ರಹ ನಮ್ಮೂರಿಂದ ನೋಡಿದ್ರೆ ಆಗ್ನೇಯ ದಿಕ್ಕಿನಲ್ಲಿ, ಸುಮಾರು 63 ಡಿಗ್ರಿ ಎತ್ತರದಲ್ಲಿದೆ. ಫೋನಿನ ದಿಕ್ಸೂಚಿ ಸಾಕು. ಮರದ ಕೆಳಗೆ ಮಾತ್ರ ಗಾಡಿ ನಿಲ್ಲಿಸಬೇಡಿ, ಎಲೆ ಅಡ್ಡ ಬಂದ್ರೆ ಚಿತ್ರ ಹೋಗುತ್ತೆ. ಜೋರು ಮಳೆಗೂ ಹೋಗುತ್ತೆ. ಗಾಡಿ ಓಡ್ತಿರುವಾಗ ಡಿಷ್ ನಡೆಯಲ್ಲ. ತಾನೇ ತಿರುಗಿ ಉಪಗ್ರಹ ಹುಡುಕೋ ಯಂತ್ರಗಳಿವೆ, ಅವು ಹಡಗಿನವರ ಬೆಲೆಗೆ. ಓಡುವಾಗ ಫೋನೇ ಗತಿ.

ಫೋನ್ ಅಂದೆ. ಅದರಲ್ಲೂ ಆಂಟೆನಾ ಇದೆ, ಕಣ್ಣಿಗೆ ಕಾಣಲ್ಲ ಅಷ್ಟೇ. ಇಂಟರ್ನೆಟ್ ಇಲ್ಲದೇ ಟಿವಿಯನ್ನ ನೇರವಾಗಿ ಫೋನಿಗೇ ಪ್ರಸಾರ ಮಾಡೋ ತಂತ್ರವನ್ನ ಪ್ರಸಾರ ಭಾರತಿ, ಐಐಟಿ ಕಾನ್ಪುರ ಮತ್ತು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಸೇರಿ ಪರೀಕ್ಷೆ ಮಾಡಿವೆ. ಹೆಸರು ಡಿ2ಎಂ. ಅದು ಬಂದ್ರೆ ಡೇಟಾ ಪ್ಯಾಕ್ ಖಾಲಿಯಾದವರಿಗೂ ಟಿವಿ ಸಿಗುತ್ತೆ. ಒಳ್ಳೇದೇ. ಆದರೆ ಆಗ ನಾವು ಕೇಳಬೇಕಾದ ಪ್ರಶ್ನೆ "ನನ್ನ ಫೋನ್ ಹಿಡಿಯುತ್ತಾ?" ಅನ್ನೋದು ಮಾತ್ರ ಅಲ್ಲ. ಟ್ರಾನ್ಸ್‌ಮಿಟರ್ ಬೆಂಗಳೂರಿಗೇ ನಿಲ್ಲುತ್ತಾ, ದಾವಣಗೆರೆಗೂ ಬರುತ್ತಾ? ಬಂದ್ರೆ ಅದರ ವೃತ್ತದೊಳಗೆ ಹರಿಹರ ಇರುತ್ತಾ? ಅದರಲ್ಲಿ ಎಷ್ಟು ಕನ್ನಡ ಇರುತ್ತೆ? 1984ರಲ್ಲಿ ನಮ್ಮೂರುಗಳಲ್ಲಿ ಇದನ್ನ ಕೇಳೋ ಅವಕಾಶ ಯಾರಿಗೂ ಸಿಗಲಿಲ್ಲ, ಡಬ್ಬಿಯಲ್ಲಿ ಚಿತ್ರ ಬಂದಿದ್ದೇ ಹಬ್ಬ ಆಗಿತ್ತು. ಈ ಸಲ ಟ್ರಾನ್ಸ್‌ಮಿಟರ್ ಏಳೋಕೆ ಮುಂಚೆಯೇ ಕೇಳೋಕಾಗುತ್ತೆ.

ನಿಮ್ಮ ಮನೆ ಮಾಳಿಗೆ ಮೇಲೆ ಹಳೇ ಆಂಟೆನಾ ಇನ್ನೂ ಇದ್ರೆ ಅದು ಯಾವ ದಿಕ್ಕಿಗೆ ಮುಖ ಮಾಡಿದೆ ನೋಡಿ, ಯಾಕೆ ಅಂತ ಮನೆಯ ಹಿರಿಯರನ್ನ ಕೇಳಿ, ಅವರ ಮಾತನ್ನ ವಾಯ್ಸ್ ಮೆಸೇಜ್ ಮಾಡಿ ನಮಗೆ ಕಳಿಸಿ. ಮುಂದಿನ ವಾರ ಸಿಗೋಣ.