ಸೆರೆಸ್‌ನಿಂದ ಪ್ಲೂಟೋವರೆಗೆ: ಗ್ರಹಪದವಿಯ ನಿರ್ಣಯ

ಗ್ರಹಲಕ್ಷಣದ ಚರ್ಚೆಯು 2006ರ ಆಗಸ್ಟ್ 24ರಂದು, ಪ್ರಾಗ್ ನಗರದಲ್ಲಿ ನೆರೆದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಪ್ಲೂಟೋವನ್ನು ಗ್ರಹಗಳ ಗಣನೆಯಿಂದ ತೆಗೆದಾಗ ಹುಟ್ಟಿದುದೆಂದು ಬಹುಮಂದಿ ಭಾವಿಸಿರುವರು; ವಸ್ತುತಃ ಅದರ ಮೂಲವು ಹತ್ತೊಂಬತ್ತನೆಯ ಶತಮಾನದ ಮೊದಲ ದಿನದಲ್ಲಿಯೇ ಇದೆ. 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊ ವೇಧಶಾಲೆಯಲ್ಲಿ ಪಿಯಾಜ್ಜಿಯು ಕಂಡ ಸೆರೆಸ್, ಕೆಲವು ವಾರಗಳಲ್ಲಿ ಸೂರ್ಯಪ್ರಭೆಯಲ್ಲಿ ಮರೆಯಾಗಿ, ತರುಣ ಗಣಿತಜ್ಞ ಗೌಸ್ ಅತ್ಯಲ್ಪ ವೇಧಗಳಿಂದಲೇ ಅದರ ಕಕ್ಷೆಯನ್ನು ಗಣಿಸಿದ ಬಳಿಕ ವರ್ಷಾಂತ್ಯದಲ್ಲಿ ಪುನಃ ಗೋಚರಿಸಿದಾಗ, ಮಂಗಳ-ಗುರುಗಳ ನಡುವಣ ಶೂನ್ಯವನ್ನು ತುಂಬಿದ ಗ್ರಹವೆಂದೇ ವಿದ್ವಾಂಸರು ಅದನ್ನು ಆದರಿಸಿದರು. ಆದರೆ 1802ರಲ್ಲಿ ಪಲ್ಲಾಸ್, 1804ರಲ್ಲಿ ಜೂನೋ, 1807ರಲ್ಲಿ ವೆಸ್ಟಾ ಅದೇ ಪ್ರದೇಶದಲ್ಲಿ ದೊರೆತವು. 1845ರ ತರುವಾಯ ಇಂತಹವುಗಳ ಸಂಖ್ಯೆ ಬೆಳೆಯುತ್ತ ಹೋಗಲು, ಯಾವ ಸಭೆಯ ಮತದಾನವೂ ಇಲ್ಲದೆ ಸೆರೆಸ್ ಕ್ಷುದ್ರಗ್ರಹಗಳ ಪಟ್ಟಿಗೆ ಸೇರಿಹೋಯಿತು.

ಆ ಮೌನನಿರ್ಣಯಕ್ಕೆ ಕಾರಣ ಕೇವಲ ಕಿರಿತನವಲ್ಲ, ಸಮೂಹದೊಳಗಿನ ಸಹವಾಸ ಎಂಬುದು ನನ್ನ ಅಭಿಮತ. ಗಾತ್ರವೇ ಪ್ರಮಾಣವಾಗಿದ್ದರೆ, ಬುಧನಿಗಿಂತ ದೊಡ್ಡವಾದ ಗ್ಯಾನಿಮೀಡ್ ಮತ್ತು ಟೈಟಾನ್‌ಗಳು ಉಪಗ್ರಹಗಳೆಂಬ ಕಾರಣಕ್ಕೆ ಹೊರಗುಳಿಯುತ್ತಿರಲಿಲ್ಲ.

ಪ್ಲೂಟೋವಿನ ಚರಿತ್ರೆಯೂ ಇದೇ ಹಾದಿಯಲ್ಲಿ ನಡೆಯಿತು. 1930ರಲ್ಲಿ ಲೋವೆಲ್ ವೇಧಶಾಲೆಯ ಕ್ಲೈಡ್ ಟಾಂಬೋ ಅದನ್ನು ಕಂಡಾಗ ಭೂಮಿಗೆ ಸರಿಸಾಟಿಯಾದ ದ್ರವ್ಯರಾಶಿಯನ್ನು ಅದಕ್ಕೆ ಆರೋಪಿಸಿದವರುಂಟು. 1978ರಲ್ಲಿ ಅದರ ಉಪಗ್ರಹ ಕೇರನ್ ಪತ್ತೆಯಾದ ಮೇಲೆ, ಭೂಮಿಯ ನಾನೂರರಲ್ಲೊಂದು ಪಾಲೂ ಪ್ಲೂಟೋವಿಗಿಲ್ಲವೆಂದು ಸಿದ್ಧವಾಯಿತು. 1992ರಲ್ಲಿ ಖಗೋಳಜ್ಞರಾದ ಜ್ಯೂವಿಟ್ ಮತ್ತು ಲೂ ನೆಪ್ಚೂನಿನಾಚೆ ಮತ್ತೊಂದು ಕಾಯವನ್ನು ಕಂಡರು. ಹಿಂದೆಯೇ ನೂರಾರು ಬಂದವು. 2005ರಲ್ಲಿ ಪ್ರಕಟವಾದ ಎರಿಸ್, ಪ್ಲೂಟೋವಿಗಿಂತ ಶೇಕಡ 27ರಷ್ಟು ಅಧಿಕ ದ್ರವ್ಯರಾಶಿಯುಳ್ಳದ್ದು. ಒಂದೋ ಎರಿಸ್‌ಗೂ ಗ್ರಹಪದವಿ ಸಲ್ಲಬೇಕು, ಇಲ್ಲವೇ ಪ್ಲೂಟೋ ಅದನ್ನು ತೊರೆಯಬೇಕು.

ಒಕ್ಕೂಟವು ವಿಧಿಸಿದ ಲಕ್ಷಣಗಳು ಮೂರು: ಸೂರ್ಯನನ್ನು ಸುತ್ತುವುದು, ಸ್ವಗುರುತ್ವದಿಂದ ಗೋಲಾಕಾರವನ್ನು ತಾಳಿರುವುದು, ತನ್ನ ಕಕ್ಷೆಯ ನೆರೆಯನ್ನು ಶುದ್ಧಗೊಳಿಸಿರುವುದು. ಮೂರನೆಯದಿಲ್ಲದ ಸೆರೆಸ್, ಪ್ಲೂಟೋ, ಎರಿಸ್ ಕುಬ್ಜಗ್ರಹಗಳಾದವು. ಉಪಗ್ರಹಗಳನ್ನುಳಿದು ಮಿಕ್ಕವು ಸೌರವ್ಯೂಹದ ಕಿರುಕಾಯಗಳು. ಗುರುವಿನ ಕಕ್ಷೆಯಲ್ಲಿಯೇ ಸಹಸ್ರಾರು ಟ್ರೋಜನ್ ಕ್ಷುದ್ರಗ್ರಹಗಳಿರುವಾಗ ಅದು ನೆರೆಯನ್ನು ಶುದ್ಧಗೊಳಿಸಿದ್ದೆಂತು ಎಂದು ಆಕ್ಷೇಪಿಸಿದವರ ಮಾತನ್ನು ತಳ್ಳಿಹಾಕುವಂತಿಲ್ಲ. ನಿರ್ಣಯದ ಶಬ್ದರಚನೆ ನಿಶ್ಚಯವಾಗಿ ಶಿಥಿಲವೇ ಸರಿ. ಆದರೆ ಆ ಟ್ರೋಜನ್‌ಗಳನ್ನು ಅಲ್ಲಿ ನೆಲೆಗೊಳಿಸಿರುವ ಬಲಗಳಲ್ಲಿ ಗುರುವಿನದೂ ಒಂದು. ಪ್ಲೂಟೋವಾದರೋ ನೆಪ್ಚೂನ್ ಮೂರು ಸುತ್ತು ಮುಗಿಸುವಷ್ಟರಲ್ಲಿ ತಾನು ಎರಡು ಸುತ್ತು ಬರುತ್ತ, ಅದರ ಗುರುತ್ವಕ್ಕೆ ಅಧೀನವಾಗಿದೆ. ಖಗೋಳಜ್ಞ ಸ್ಟೀವನ್ ಸೋಟರ್ 2006ರಲ್ಲಿ ಮಾಡಿದ ಗಣನೆಯಂತೆ, ತನ್ನ ವಲಯದ ಉಳಿದ ಕಾಯಗಳೆಲ್ಲವುಗಳಿಗಿಂತ ಮಂಗಳನ ದ್ರವ್ಯರಾಶಿಯು ಸುಮಾರು 5,000 ಪಟ್ಟು ಹೆಚ್ಚು. ಸೆರೆಸ್‌ನದು ಮೂರರಲ್ಲೊಂದು ಪಾಲು. ಪ್ಲೂಟೋವಿನದು ಹತ್ತರಲ್ಲೊಂದಕ್ಕೂ ಕಡಿಮೆ. ನಡುವೆ ಇಷ್ಟು ಅಗಲವಾದ ಕಂದರವಿರುವಲ್ಲಿ ಎಲ್ಲೆಯನ್ನು ಗುರುತಿಸುವುದು ಸ್ವೇಚ್ಛೆಯಾಗದು.

ಗೋಲತ್ವಕ್ಕೆ ಇಂತಹ ಸ್ಪಷ್ಟತೆಯಿಲ್ಲ. ಸುಮಾರು 525 ಕಿಲೋಮೀಟರ್ ವ್ಯಾಸದ ವೆಸ್ಟಾ, ಮಹಾಘಾತಗಳಿಂದ ದಕ್ಷಿಣದಲ್ಲಿ ವಿರೂಪಗೊಂಡು, ಎರಡೂ ಪಕ್ಷಗಳ ನಡುವೆ ನಿಂತಿದೆ. ಅನ್ಯ ನಕ್ಷತ್ರಗಳನ್ನು ಸುತ್ತುವ ಸಾವಿರಾರು ಗ್ರಹಗಳ ಆಕಾರವಂತೂ ನಮ್ಮ ದೂರದರ್ಶಕಗಳಿಗೆ ಎಟುಕದು. ಆದರೆ ನೆರೆಯ ಶುದ್ಧಿಯನ್ನು ಅಳೆಯಲು 2015ರಲ್ಲಿ ಖಗೋಳಜ್ಞ ಜಾನ್-ಲೂಕ್ ಮಾರ್ಗೋ ಸೂಚಿಸಿದ ಮಾನದಂಡಕ್ಕೆ ನಕ್ಷತ್ರದ ದ್ರವ್ಯರಾಶಿ, ಗ್ರಹದ ದ್ರವ್ಯರಾಶಿ, ಪರಿಭ್ರಮಣಕಾಲ ಇವಿಷ್ಟೇ ಸಾಕು. ಆದುದರಿಂದ, ಒಕ್ಕೂಟವು ಕಡೆಯಲ್ಲಿರಿಸಿದ ಲಕ್ಷಣವನ್ನೇ ಮೊದಲಿಗಿಟ್ಟು, ಅದನ್ನು ಸಂಖ್ಯೆಯಲ್ಲಿ ನುಡಿದು, ಸೂರ್ಯನೊಬ್ಬನಿಗೇ ಸೀಮಿತಗೊಳಿಸದೆ ನಿರ್ಣಯವನ್ನು ತಿದ್ದುವುದು ಯುಕ್ತವೆಂದು ನಾನು ಭಾವಿಸುತ್ತೇನೆ.