ಸ್ತನ ಕ್ಯಾನ್ಸರ್ ಮತ್ತು ಎಕ್ಸ್‌-ರೇ: ಮ್ಯಾಮೊಗ್ರಫಿ ನಡೆದು ಬಂದ ದಾರಿ

ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್ 1913ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಮ್ಯಾಮೊಗ್ರಫಿಯ ಚರಿತ್ರೆ ಆರಂಭವಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸುಮಾರು 3000 ಸ್ತನಗಳ ಎಕ್ಸ್‌-ರೇ ತೆಗೆದು, ಅದೇ ಅಂಗಾಂಶ ಸೂಕ್ಷ್ಮದರ್ಶಕದಡಿ ಹೇಗಿದೆ ಎಂದು ಅವರು ತಾಳೆ ನೋಡಿದ್ದರು. ಕೆಲವು ಚಿತ್ರಗಳಲ್ಲಿ ಸಣ್ಣ ಚುಕ್ಕೆಗಳಿದ್ದವು. ಅವು ಗಡ್ಡೆಯೊಳಗೆ ಶೇಖರವಾದ ಕ್ಯಾಲ್ಸಿಯಂ ಕಣಗಳು. ರೋಗಪತ್ತೆಗೆ ಅವೇ ಸುಳಿವಾಗಬಲ್ಲವು ಎಂಬುದು ಆಗ ಹೊಳೆದಿರಲಿಲ್ಲ. ಯಹೂದಿಯಾಗಿದ್ದ ಸಾಲೊಮನ್ 1933ರಲ್ಲಿ ಹುದ್ದೆ ಕಳೆದುಕೊಂಡರು, 1938ರಲ್ಲಿ ಸಾಕ್ಸನ್‌ಹೌಸನ್ ಶಿಬಿರದ ಬಂದಿಯಾದರು, ಆಮೇಲೆ ನೆದರ್‌ಲೆಂಡ್ಸ್‌ಗೆ ಪಾರಾದರು. ಅವರ ಮಗಳು, ಚಿತ್ರಕಲಾವಿದೆ ಷಾರ್ಲಟ್ ಸಾಲೊಮನ್, 1943ರಲ್ಲಿ ಆಷ್‌ವಿಟ್ಜ್‌ನಲ್ಲಿ ಕೊಲೆಯಾದರು. ಈ ಸಂಶೋಧನೆಯ ಮಾತು ಬಂದಾಗ ಆ ಕುಟುಂಬವನ್ನೂ ನೆನೆಯಬೇಕು.

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಸ್ಟಾಫರ್ಡ್ ವಾರನ್ 1930ರಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನವೇ ರೋಗಿಗಳ ಸ್ತನದ ಚಿತ್ರ ತೆಗೆದ ಅನುಭವವನ್ನು ವರದಿ ಮಾಡಿದರು. ಆದರೂ ವಿಧಾನ ಬೇಗ ಹರಡಲಿಲ್ಲ. ಅಡ್ಡಿಯಾದದ್ದು ಭೌತಶಾಸ್ತ್ರ. ಎಲುಬಿನ ಎಕ್ಸ್‌-ರೇಯಲ್ಲಿ ಎಲುಬಿಗೂ ಮಾಂಸಕ್ಕೂ ಇರುವ ವ್ಯತ್ಯಾಸ ಸ್ಪಷ್ಟ. ಸ್ತನದಲ್ಲಿ ಕೊಬ್ಬು, ಗ್ರಂಥಿ, ಗಡ್ಡೆ ಮೂರೂ ಮೃದು ಅಂಗಾಂಶ. ಹೆಚ್ಚು ವೋಲ್ಟೇಜಿನ ಕಿರಣ ಮೂರನ್ನೂ ಒಂದೇ ಬಗೆಯಲ್ಲಿ ಹಾಯ್ದುಹೋಗುತ್ತದೆ. 30 ಕಿಲೊವೋಲ್ಟ್ ಆಸುಪಾಸಿಗೆ ಇಳಿಸಿದರೆ ಮಾತ್ರ ಅವುಗಳ ನಡುವಿನ ಅಂತರ ಫಿಲ್ಮಿನ ಮೇಲೆ ಮೂಡುತ್ತದೆ.

ಉರುಗ್ವೆಯ ರಾವುಲ್ ಲೆಬೋರ್ನ್ 1950ರ ಆಸುಪಾಸಿನಲ್ಲಿ ಸ್ತನವನ್ನು ಒತ್ತಿ ತೆಳುವಾಗಿಸಿ ಚಿತ್ರ ತೆಗೆಯುವುದಕ್ಕೆ ಒತ್ತುಕೊಟ್ಟರು. ಉಪ್ಪಿನ ಹರಳಿನಷ್ಟು ಸಣ್ಣ ಕ್ಯಾಲ್ಸಿಯಂ ಚುಕ್ಕೆಗಳು ಗುಂಪುಗೂಡಿದ್ದರೆ ಕ್ಯಾನ್ಸರ್ ಶಂಕಿಸಬೇಕೆಂದು ತೋರಿಸಿಕೊಟ್ಟವರೂ ಅವರೇ. 1960ರಲ್ಲಿ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಆಸ್ಪತ್ರೆಯ ರಾಬರ್ಟ್ ಈಗನ್ ಕಡಿಮೆ ವೋಲ್ಟೇಜ್, ಹೆಚ್ಚು ವಿದ್ಯುತ್ ಪ್ರವಾಹ ಮತ್ತು ಕೈಗಾರಿಕೆಯಲ್ಲಿ ಬಳಸುತ್ತಿದ್ದ ಸೂಕ್ಷ್ಮ ಫಿಲ್ಮ್ ಸೇರಿಸಿ, ಬೇರೆ ಆಸ್ಪತ್ರೆಗಳಿಗೂ ಕಲಿಸಬಹುದಾದ ಪದ್ಧತಿ ರೂಪಿಸಿದರು. ಅದೇ ದಶಕದಲ್ಲಿ ಸ್ಟ್ರಾಸ್‌ಬರ್ಗ್‌ನ ಶಾರ್ಲ್ ಗ್ರೋ ಅವರ ಪ್ರಯತ್ನದಿಂದ ಸ್ತನಕ್ಕೆಂದೇ ತಯಾರಾದ ಯಂತ್ರ ಬಂತು.

ಇಷ್ಟಾದರೂ ಮುಖ್ಯ ಪ್ರಶ್ನೆ ಉಳಿದೇ ಇತ್ತು. 54ನೇ ವಯಸ್ಸಿನಲ್ಲಿ ಗಂಟು ಕೈಗೆ ಸಿಕ್ಕು 58ರಲ್ಲಿ ತೀರಿಕೊಳ್ಳುವ ಮಹಿಳೆಯ ರೋಗವನ್ನು 50ರಲ್ಲೇ ಚಿತ್ರದಲ್ಲಿ ಕಂಡೆವು ಎನ್ನೋಣ. ಅವರು 58ಕ್ಕೇ ತೀರಿಕೊಂಡರೂ ದಾಖಲೆಯಲ್ಲಿ ‘ರೋಗ ಪತ್ತೆಯಾದ ಮೇಲೆ ಎಂಟು ವರ್ಷ ಬದುಕಿದರು’ ಎಂದಿರುತ್ತದೆ. ಆಯುಷ್ಯ ಒಂದು ದಿನವೂ ಹೆಚ್ಚಿರುವುದಿಲ್ಲ. ಈ ಭ್ರಮೆಯನ್ನು ದಾಟಲು ಇರುವ ದಾರಿ, ತಪಾಸಣೆಗೆ ಕರೆದವರ ಮತ್ತು ಕರೆಯದವರ ಗುಂಪುಗಳಲ್ಲಿ ಸಾವುಗಳನ್ನು ಎಣಿಸುವುದು. ಫಿಲಿಪ್ ಸ್ಟ್ರಾಕ್ಸ್, ಸ್ಯಾಮ್ ಶಪಿರೊ ಮತ್ತು ಲೂಯಿ ವೆನೆ ನ್ಯೂಯಾರ್ಕಿನಲ್ಲಿ 1963ರ ಕೊನೆಗೆ ಆರಂಭಿಸಿದ ಅಧ್ಯಯನ ಮಾಡಿದ್ದು ಇದನ್ನೇ: 40ರಿಂದ 64 ವಯಸ್ಸಿನ ಸುಮಾರು 62,000 ಮಹಿಳೆಯರು, ಎರಡು ಗುಂಪು. ಹತ್ತು ವರ್ಷಗಳ ಬಳಿಕ ತಪಾಸಣೆಯ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಸಾವು ಶೇ. 30ರಷ್ಟು ಕಡಿಮೆಯಿತ್ತು. ಅಲ್ಲಿ ಮ್ಯಾಮೊಗ್ರಾಂ ಜೊತೆಗೆ ವೈದ್ಯರ ಕೈಪರೀಕ್ಷೆಯೂ ಇತ್ತು ಎಂಬುದನ್ನು ಮರೆಯುವಂತಿಲ್ಲ. 1985ರಲ್ಲಿ ವರದಿಯಾದ ಸ್ವೀಡನ್ನಿನ ಅಧ್ಯಯನ ಮ್ಯಾಮೊಗ್ರಾಂ ಒಂದರಿಂದಲೇ ಶೇ. 31ರ ಇಳಿಕೆ ತೋರಿಸಿತು. 1980ರಲ್ಲಿ ಶುರುವಾದ ಕೆನಡಾದ ಅಧ್ಯಯನ ಇಳಿಕೆ ಕಾಣಲಿಲ್ಲ. ಈ ವಾದ ಇನ್ನೂ ಮುಗಿದಿಲ್ಲ.

ಭಾರತದ ಮಟ್ಟಿಗೆ ನನಗೆ ಅತ್ಯಂತ ಮಹತ್ವದ್ದೆನಿಸುವುದು ಮುಂಬೈ ಟಾಟಾ ಸ್ಮಾರಕ ಆಸ್ಪತ್ರೆಯ ಅಧ್ಯಯನ. 1998ರಲ್ಲಿ ಆರಂಭವಾದ ಅದರಲ್ಲಿ 35ರಿಂದ 64 ವಯಸ್ಸಿನ 1,51,538 ಮಹಿಳೆಯರಿದ್ದರು. ಯಂತ್ರ ಬಳಸಲಿಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. 2021ರ ವರದಿಯಂತೆ ಒಟ್ಟಾರೆ ಸ್ತನ ಕ್ಯಾನ್ಸರ್ ಸಾವಿನಲ್ಲಿ ಇಳಿಕೆ ಶೇ. 15, ಅದು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವಲ್ಲ. ಆದರೆ 50 ದಾಟಿದವರಲ್ಲಿ ಸುಮಾರು ಶೇ. 30 ಇಳಿಕೆ ಕಂಡುಬಂತು.

ಹಾಗೆಂದು ಮ್ಯಾಮೊಗ್ರಾಂ ಅನಗತ್ಯವೆಂದಲ್ಲ. ಗಂಟು ಸಿಕ್ಕ ಮೇಲೆ ಅದರ ಸ್ವರೂಪ ತಿಳಿಯಲು, ಚಿಕಿತ್ಸೆ ಮುಗಿಸಿದವರಲ್ಲಿ ರೋಗ ಮರುಕಳಿಸಿದೆಯೇ ಎಂದು ನೋಡಲು ಅದು ಬೇಕೇ ಬೇಕು. ಆಗ ಹಿಂದಿನ ಚಿತ್ರದೊಂದಿಗೆ ಹೋಲಿಸಿದರೆ ಹೊಸ ಚುಕ್ಕೆ ಬೇಗ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಓದುಗರು ಹಳೆಯ ಫಿಲ್ಮು, ಸಿ.ಡಿ.ಗಳನ್ನು ಬಿಸಾಡದೆ ಪ್ರತಿ ತಪಾಸಣೆಗೂ ಜೊತೆಗೊಯ್ಯಬೇಕು. ವರದಿ ಸಹಜವೆಂದು ಬಂದಿದ್ದರೂ ಕೈಗೆ ಗಂಟು ಸಿಕ್ಕರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.