ಗೊರಕೆಗೆ ದಂತವೈದ್ಯರಲ್ಲಿ ಮದ್ದುಂಟೆ?

ಗೊರಕೆ ನಮ್ಮಲ್ಲಿ ಬಹುತೇಕ ಹಾಸ್ಯದ ವಸ್ತು. ಆದರೆ ಜೋರಾದ ಗೊರಕೆ ಥಟ್ಟನೆ ನಿಂತು, ಕೆಲ ಕ್ಷಣಗಳ ಬಳಿಕ ಉಸಿರುಗಟ್ಟಿದಂತೆ ಮತ್ತೆ ಆರಂಭವಾಗುತ್ತಿದ್ದರೆ ನಗುವಂತಿಲ್ಲ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಿಗೆಯ ಬುಡ ಹಿಂದಕ್ಕೆ ಸರಿದು ಶ್ವಾಸಮಾರ್ಗ ಮುಚ್ಚುವ ಈ ತೊಂದರೆಯೇ ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯಾ. ಕನಿಷ್ಠ 10 ಸೆಕೆಂಡು ಉಸಿರು ನಿಲ್ಲುವ ಅಥವಾ ತಗ್ಗುವ ಇಂತಹ ಅಡಚಣೆಗಳು ವಯಸ್ಕರಲ್ಲಿ ಗಂಟೆಗೆ 5ರಿಂದ 15ರೊಳಗಿದ್ದರೆ ಸೌಮ್ಯ, 30ರವರೆಗೆ ಮಧ್ಯಮ, ಅದಕ್ಕೂ ಮೀರಿದರೆ ತೀವ್ರ. ಹಗಲಿನ ತೂಕಡಿಕೆ, ಅಧಿಕ ರಕ್ತದೊತ್ತಡ ಇದರ ಸಂಗಾತಿಗಳು.

ದವಡೆಗೂ ಉಸಿರಿಗೂ ಇರುವ ನಂಟು ಹೊಸ ಸಂಶೋಧನೆಯೇನಲ್ಲ. ಕೆಳದವಡೆ ಚಿಕ್ಕದಾಗಿರುವ ಶಿಶುಗಳಲ್ಲಿ ನಾಲಿಗೆ ಹಿಂದಕ್ಕೆ ಜಾರಿ ಉಸಿರಾಟಕ್ಕೆ ಅಡ್ಡಿಯಾಗುವುದನ್ನು ಫ್ರಾನ್ಸಿನ ಪಿಯರ್ ರಾಬಿನ್ 1923ರಲ್ಲೇ ವಿವರಿಸಿದ್ದರು. ಹಿಂದೆ ಸರಿದ ಕೆಳದವಡೆ, ಕಿರಿದಾಗಿ ಎತ್ತರಕ್ಕೆ ಕಮಾನಾದ ಅಂಗುಳ, ಅಂಚಿನಲ್ಲಿ ಹಲ್ಲಿನ ಗುರುತು ಮೂಡಿದ ದಪ್ಪ ನಾಲಿಗೆ ಇವು ದಂತವೈದ್ಯರ ಕಣ್ಣಿಗೆ ಬೇಗ ಬೀಳುವ ಲಕ್ಷಣಗಳು. ಇವು ಶಂಕೆಗೆ ಆಸ್ಪದ ನೀಡುತ್ತವೆಯೇ ಹೊರತು ರೋಗವನ್ನು ದೃಢಪಡಿಸುವುದಿಲ್ಲ.

ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದ, ಮುಖವಾಡದ ಮೂಲಕ ಒತ್ತಡದ ಗಾಳಿ ನೀಡುವ ಸಿಪ್ಯಾಪ್ ವಿಧಾನವೇ ಇಂದಿಗೂ ಮುಖ್ಯ ಚಿಕಿತ್ಸೆ. ರಾತ್ರಿಯಿಡೀ ಮುಖವಾಡ ಸಹಿಸಲಾರದವರಿಗೆ ದಂತವೈದ್ಯರು ಅಳತೆ ತೆಗೆದು ಸಿದ್ಧಪಡಿಸುವ ಸಾಧನವುಂಟು. ಮೇಲಿನ ಮತ್ತು ಕೆಳಗಿನ ಹಲ್ಲುಗಳಿಗೆ ಕೂರುವ ಈ ಅಚ್ಚುಗಳು ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಹಿಡಿದಿಡುತ್ತವೆ. ಜತೆಗೆ ನಾಲಿಗೆಯೂ ಮುಂದೆ ಬರುತ್ತದೆ. ಹಲ್ಲು ಅಲುಗಾಡುವವರಿಗೆ ಇದು ಸಲ್ಲದು. ವರ್ಷಗಟ್ಟಲೆ ಧರಿಸಿದರೆ ಹಲ್ಲುಗಳ ಕಚ್ಚುವಿಕೆ ಬದಲಾಗುವುದೂ ಉಂಟು.

ಅಪಾಯ ಅಡಗಿರುವುದು ಬೇರೆಡೆ. ನಿದ್ರಾ ಪರೀಕ್ಷೆ ಮಾಡಿಸದೆ, ಗೊರಕೆ ತಡೆಯುವ ಸಿದ್ಧ ಅಚ್ಚನ್ನು ಕೊಂಡು ಧರಿಸಿದರೆ ಸದ್ದು ಅಡಗಿ, ಉಸಿರಿನ ತಡೆ ಹಾಗೆಯೇ ಉಳಿಯಬಹುದು. ಮನೆಮಂದಿಗೆ ನೆಮ್ಮದಿ, ರೋಗಿಗೆ ಮಾತ್ರ ಅಲ್ಲ. ಆದ್ದರಿಂದ ಮೊದಲು ವೈದ್ಯರಿಂದ ನಿದ್ರಾ ಪರೀಕ್ಷೆ, ಅಚ್ಚು ಹೊಂದಿಸಿದ ಮೇಲೆ ಅದನ್ನು ಧರಿಸಿಯೇ ಮತ್ತೊಂದು ಪರೀಕ್ಷೆ ಅಗತ್ಯ.

ಮಕ್ಕಳ ವಿಚಾರ ಭಿನ್ನ. ಅವರಲ್ಲಿ ಸಾಮಾನ್ಯವಾಗಿ ಊದಿದ ಟಾನ್ಸಿಲ್ ಹಾಗೂ ಅಡಿನಾಯ್ಡ್‌ಗಳೇ ಕಾರಣ. ಕಿರಿದಾದ ಅಂಗುಳವನ್ನು ಅಗಲಿಸುವ ಚಿಕಿತ್ಸೆ ಕೆಲವರಿಗಷ್ಟೇ ನೆರವಾದೀತು. ಕ್ಲಿಪ್ ಹಾಕಿಸುವಾಗ ಹಲ್ಲು ಕೀಳಿಸಿದರೆ ಮುಂದೆ ಅಪ್ನಿಯಾ ಬರುತ್ತದೆಂಬ ಪೋಷಕರ ಆತಂಕಕ್ಕೆ ಪುರಾವೆಯಿಲ್ಲವೆಂದು ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ 2019ರ ಶ್ವೇತಪತ್ರದಲ್ಲಿ ಹೇಳಿದೆ.